ಗದ್ದಲವಿಲ್ಲದ ಕೊಠಡಿ

ತಾಲ್ಲೂಕು ಕಚೇರಿಯ ವಿಡಿಯೊ ಕಾನ್ಫರೆನ್ಸ್ ಆಪರೇಟರ್ ಪಂಚಾಕ್ಷರಿಗೆ ಮನುಷ್ಯರೆಂದರೆ ಎದೆಯಿಂದ ಮೇಲೆ ಮಾತ್ರ. ಎಂಥ ಅಧಿಕಾರಿಯನ್ನಾದರೂ ಕುರ್ಚಿ ಸಮೇತ ಸರಿಸುವ ಧೈರ್ಯ ಕಡೂರಿನಿಂದ ಅಜ್ಜಂಪುರದವರೆಗೆ ಇರುವುದು ಅವನೊಬ್ಬನಿಗೇ. ‘ಸಾರ್, ತಲೆ ಕಟ್ ಆಗ್ತೈತೆ, ಸ್ವಲ್ಪ ಬಗ್ಗಿ’ ಅಂದರೆ ಎಲ್ಲರೂ ಬಗ್ಗುತ್ತಾರೆ. ಮನೆಯಲ್ಲಿ ಹೆಂಡತಿ ಮಕ್ಕಳು ಊಟಕ್ಕೆ ಕರೆದರೂ ‘ಒಬ್ಬೊಬ್ರೇ ಮಾತಾಡಿ’ ಎನ್ನುತ್ತಾನೆ. ಆಯುಧಪೂಜೆಯ ದಿನ ಕ್ಯಾಮೆರಾದ ನೆತ್ತಿಗೆ ವಿಭೂತಿ ಬಳಿಯುತ್ತಾನೆ. ಈ ಕ್ಯಾಮೆರಾ, ಮೈಕು ಮಾರುವ ಕಂಪನಿಗಳೆಲ್ಲ ಸೇರಿ ಕೊಡುವ ‘ಗದ್ದಲವಿಲ್ಲದ ಕೊಠಡಿ’ ಪ್ರಶಸ್ತಿ ಹೋದ ವರ್ಷ ಅವನ ಕೊಠಡಿಗೇ ಬಂತು. ಪರದೆಯೊಳಗಿನ ವೇದಿಕೆಯಿಂದ ಯಾರೋ ಚಾಚಿದ ಫಲಕಕ್ಕೆ ಅವನು ಇಲ್ಲಿ ಬರಿಗಾಳಿಯಲ್ಲಿ ಎರಡೂ ಕೈ ಒಡ್ಡಿ ನಿಂತ. ಫಲಕ ಆಮೇಲೆ ಕೊರಿಯರಿನಲ್ಲಿ ಬಂತು. ಆ ಪ್ರಶಸ್ತಿಯ ತೀರ್ಪುಗಾರರು ಪರೀಕ್ಷೆಗೆಂದು ಅವನ ಕೊಠಡಿಯನ್ನು ಪರದೆಯಲ್ಲಿ ನೋಡುತ್ತಿದ್ದ ದಿನವೇ, ಹೆರಿಗೆಯಲ್ಲಿ ಮಗಳು ಸತ್ತದ್ದು ಹೇಗೆಂದು ವಿಚಾರಿಸಿ ಎಂದು ಕೇಳಲು ಬಂದಿದ್ದ ಯಗಟಿಯ ಈರಕ್ಕ, ಕ್ಯಾಮೆರಾದ ಮುಂದೆ ಬಾಯಿ ತೆರೆದವಳೇ ಗೋಳೋ ಎಂದು ಅತ್ತಳು. ಪಂಚಾಕ್ಷರಿಯ ಬೆರಳು ತಾನಾಗಿಯೇ ಮೈಕಿನ ಮ್ಯೂಟ್ ಗುಂಡಿ ಒತ್ತಿತು. ಅವಳು ಅಳುತ್ತಲೇ ಎಲ್ಲವನ್ನೂ ಹೇಳಿದಳು. ಪರದೆಯ ಆ ಕಡೆ ಜಿಲ್ಲಾ ಕಚೇರಿಯಲ್ಲಿ ಕೂತಿದ್ದ ಸಾಹೇಬರು ಅವಳ ಅಲ್ಲಾಡುವ ತುಟಿಗಳನ್ನೇ ನೋಡುತ್ತ ಕೊನೆಯವರೆಗೂ ತಲೆದೂಗಿದರು. ಅವಳು ಕೈಮುಗಿದಳು. ಈಗಲೂ ಸಂತೆಗೆ ಬಂದಾಗಲೆಲ್ಲ ಈರಕ್ಕ ಬಾಗಿಲಲ್ಲಿ ನಿಲ್ಲುತ್ತಾಳೆ. ‘ಸಾಹೇಬ್ರು ಏನಂದ್ರಪ್ಪಾ?’ ‘ಎಲ್ಲಾ ಕೇಳಿಸ್ಕೊಂಡವ್ರೆ ಕಣವ್ವ.’ ‘ಅವತ್ತು ಬಾಯ್ತುಂಬ ಮಾತಾಡಕ್ಕೆ ಬಿಟ್ಟೆಯಲ್ಲಪ್ಪ, ನೀನು ತಣ್ಣಗಿರು’ ಎಂದು ಅವಳು ಸೆರಗಿನಿಂದ ಒಂದು ತೆಂಗಿನಕಾಯಿ ತೆಗೆದು ಮೇಜಿನ ಮೇಲಿಟ್ಟು ಹೋಗುತ್ತಾಳೆ. ಅದನ್ನು ಪಂಚಾಕ್ಷರಿ ಮನೆಗೆ ಒಯ್ಯುವುದಿಲ್ಲ. ಫಲಕದ ಹಿಂದೆ ಒಡೆಯದ ಕಾಯಿಗಳು ಒಣಗುತ್ತ ಕೂತಿವೆ.