ಸುಬ್ರಾಯಣ್ಣ ಮತ್ತು ಮೂರು ಜನರ ಪ್ಲೇಟು

ಸುಬ್ರಾಯಣ್ಣ ಸಂಗೀತವನ್ನು ಅಂಗೈಯಿಂದ ಕೇಳುತ್ತಿದ್ದರು. ಗ್ರಾಮಫೋನಿಗೆ ಕೀ ಕೊಟ್ಟು, ತಿರುಗುವ ಪ್ಲೇಟಿನ ಮೇಲೆ ಮುಳ್ಳನ್ನು ಮೆಲ್ಲಗೆ ಇಳಿಸಿ, ಪೆಟ್ಟಿಗೆಯ ಮಗ್ಗುಲಿಗೆ ಬಲಗೈ ಒತ್ತಿ ಹಿಡಿದು ಕಣ್ಣು ಮುಚ್ಚಿಬಿಡುವರು, ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವವರ ಹಾಗೆ. ಎರಡು ಕಿವಿ ನೆಟ್ಟಗಿರುವಾಗ ಈ ಮನುಷ್ಯನಿಗೆ ಕೈಯೇಕೆ ಬೇಕು ಎಂದು ಹೊಸದರಲ್ಲಿ ನನಗೆ ನಗು ತಡೆಯುತ್ತಿರಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ಕೂತಿರುತ್ತಿದ್ದೆ.

ನಾನು ಕುಮಟೆಯಿಂದ ಮದುವೆಯಾಗಿ ಹೊನ್ನಾವರಕ್ಕೆ ಬಂದದ್ದು ಯುದ್ಧದ ನಡುವಿನ ಒಂದು ವರ್ಷ. ನಮ್ಮವರು ಬಂದರಿನ ಕಚೇರಿಯಲ್ಲಿ ಗುಮಾಸ್ತರು. ಬಂದರಿಗೆ ಹತ್ತಿರವೇ ಬಾಡಿಗೆ ಮನೆ. ದಾಸವಾಳದ ಬೇಲಿ ದಾಟಿದರೆ ಸುಬ್ರಾಯಣ್ಣನ ಮನೆ. ಅವರಿಗೆ ಐವತ್ತರ ಹತ್ತಿರ ವಯಸ್ಸು. ಹೆಂಡತಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಜಗಲಿಯಲ್ಲಿ ಕೂತು ಊರವರ ಹರಿದ ಬಲೆ ಸರಿಮಾಡಿಕೊಡುವುದು ಅವರ ಕೆಲಸ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಬೊಂಬಾಯಿಯ ಒಂದು ದೊಡ್ಡ ಹೋಟೆಲಿನಲ್ಲಿ ಬಿಳಿ ಕೋಟು ಹಾಕಿ ಬೇರರ್ ಆಗಿದ್ದರಂತೆ. ಆ ಇಪ್ಪತ್ತು ವರ್ಷ ಅವರ ಮೈಯಿಂದ ಇಳಿದಿರಲೇ ಇಲ್ಲ. ಮನೆಗೆ ಯಾರೇ ಬರಲಿ, ಹಲಗೆಯ ತುಂಡಿನ ಮೇಲೆ ನೀರಿನ ಲೋಟ ಇಟ್ಟು ತಂದು, ಕುಡಿದು ಮುಗಿಸುವವರೆಗೂ ಎರಡು ಹೆಜ್ಜೆ ಹಿಂದೆ ನಿಂತಿರುವರು. ಮೀನು ಮಾರುವ ಹೆಂಗಸಿಗೂ ಅದೇ ಮರ್ಯಾದೆ. "ಈ ಅಣ್ಣ ಹಿಂಗೆ ನಿಂತ್ರೆ ನೀರು ಗಂಟಲಿಂದ ಇಳಿಯೂದಿಲ್ಲ ಮಾರಾಯ್ತಿ" ಎಂದು ಅವಳು ನನ್ನ ಹತ್ತಿರ ದೂರು ಹೇಳುತ್ತಿದ್ದಳು.

ಬೊಂಬಾಯಿಯಿಂದ ಅವರು ತಂದ ಆಸ್ತಿಯೆಂದರೆ ಆ ಗ್ರಾಮಫೋನು ಮತ್ತು ಹನ್ನೊಂದು ಪ್ಲೇಟು. ಎಲ್ಲವೂ ಜಾಜ್. ಹಾಡುವವರಿಲ್ಲದ, ಮೂರೋ ನಾಲ್ಕೋ ಜನ ಬಾರಿಸುವ ಜಾಜ್. ಅದರಲ್ಲಿ ನಾಲ್ಕು ಪ್ಲೇಟು ದಪ್ಪ ರಟ್ಟಿನ ಪುಸ್ತಕವೊಂದರಲ್ಲಿದ್ದವು. ಅದಕ್ಕೆ ಹಾಳೆಗಳ ಬದಲು ಕಂದು ಕಾಗದದ ಜೇಬುಗಳು. ಅದನ್ನು ಆಲ್ಬಮ್ ಅನ್ನುತ್ತಾರೆಂದು ಹೇಳಿಕೊಟ್ಟವರು ಅವರೇ. ಹೋಟೆಲಿನಲ್ಲಿ ಇಳಿದಿದ್ದ ಒಬ್ಬ ಅಮೇರಿಕದವನು ಊರಿಗೆ ಹೋಗುವಾಗ ಕೊಟ್ಟದ್ದಂತೆ. ಯುದ್ಧದ ಕಾಲಕ್ಕೆ ಉಕ್ಕಿನ ಸೂಜಿ ಎಲ್ಲಿಯೂ ಸಿಗುತ್ತಿರಲಿಲ್ಲ. ಸುಬ್ರಾಯಣ್ಣ ಗುಡ್ಡಕ್ಕೆ ಹೋಗಿ ಕಾರೆ ಮುಳ್ಳು ಕೊಯ್ದು ತಂದು, ಒಣಗಿಸಿ, ಗಾಜುಕಾಗದದಲ್ಲಿ ತಿಕ್ಕಿ ಸೂಜಿಯ ಜಾಗದಲ್ಲಿ ಸಿಕ್ಕಿಸುತ್ತಿದ್ದರು. ಪ್ಲೇಟಿನ ಒಂದು ಮಗ್ಗುಲು ಮುಗಿಯುವುದರೊಳಗೆ ಮುಳ್ಳು ಮೊಂಡು. ಮತ್ತೆ ತಿಕ್ಕಬೇಕು. "ಮುಳ್ಳಿನ ಸ್ವರ ಮೆತ್ತಗೆ. ಪ್ಲೇಟಿಗೂ ನೋವಾಗೂದಿಲ್ಲ" ಎನ್ನುತ್ತಿದ್ದರು.

ಸಂಜೆ ನಮ್ಮವರು, ಅತ್ತೆ, ನಾನು ಅವರ ಜಗಲಿಯಲ್ಲಿ ಕೂರುವುದು ರೂಢಿಯಾಯಿತು. ಮೊದಲ ದಿನ ಪ್ಲೇಟು ಪೂರ್ತಿ ಮುಗಿದು ಮುಳ್ಳು ಎತ್ತಿದ ಮೇಲೆ ನಮ್ಮ ಅತ್ತೆ ಕೇಳಿದರು: "ಹಾಡು ಶುರುವಾಗೂದು ಯಾವಾಗ ಸುಬ್ರಾಯ? ಇವ್ರು ತಂತಿ ಸರಿಮಾಡ್ಕಣೂದೇ ಮುಗೀಲಿಲ್ಲವಲ್ಲ."

ಸುಬ್ರಾಯಣ್ಣ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. "ಅತ್ತೆಮ್ಮ, ಇನ್ನೆರಡು ಸಲ ಕೇಳಿ" ಎಂದು ಹೊಸ ಮುಳ್ಳು ಸಿಕ್ಕಿಸಿದರು.

ಅದು ಅವರ ಕಟ್ಟುನಿಟ್ಟು. ಒಂದು ಪ್ಲೇಟು ಹಾಕಿದರೆ ಮೂರು ಸಲ ಕೇಳಬೇಕು. ಮೊದಲ ಸಲ ಪಿಯಾನೋ ಬಾರಿಸುವವನನ್ನು ಮಾತ್ರ ಕೇಳುವುದು. ಎರಡನೆಯ ಸಲ ಗಿಟಾರಿನವನನ್ನು. ಮೂರನೆಯ ಸಲ, ಆಳೆತ್ತರದ ಪಿಟೀಲು ನಿಲ್ಲಿಸಿಕೊಂಡು ಬೆರಳಿನಿಂದ ಮೀಟುವವನನ್ನು. ಬೇಸ್ ಎಂದು ಅದರ ಹೆಸರಂತೆ. ನಾವು ದೊಡ್ಡ ಪಿಟೀಲು ಅನ್ನುತ್ತಿದ್ದೆವು. "ಎಲ್ಲಾ ಒಟ್ಟಿಗೆ ಕೇಳೂದು ಸಂತೆಲಿ ನಿಂತಾಂಗೆ ತಂಗಿ. ಒಬ್ಬನ ಹಿಂದೆ ಹೋಗು. ಅಂವ ಎಲ್ಲಿ ನಿಲ್ತಾ, ಉಳಿದವ್ರಿಗೆ ಎಲ್ಲಿ ದಾರಿ ಬಿಡ್ತಾ, ಅದನ್ನ ನೋಡು."

ನಾನು ತವರಿನಲ್ಲಿ ಹಾರ್ಮೋನಿಯಂ ಕಲಿತವಳು, ತಕ್ಕಮಟ್ಟಿಗೆ ಜಂಬದವಳು. ಹೋಟೆಲಿನಲ್ಲಿ ದೊಡ್ಡ ಬ್ಯಾಂಡೇ ಇತ್ತಂತಲ್ಲ, ಅದರ ಪ್ಲೇಟು ಯಾಕೆ ತರಲಿಲ್ಲ ಎಂದು ಒಮ್ಮೆ ಕೇಳಿದೆ.

"ಹದಿನೈದು ಜನ ಊದೂದು ಕುಣಿಯೋರಿಗೆ" ಎಂದರು. "ಮೂರು ಜನ ಬಾರ್ಸೂದು ಕೇಳೋರಿಗೆ. ಮೂರು ಜನ ಇದ್ದಲ್ಲಿ ಅಡಗುಕೆ ಜಾಗ ಇಲ್ಲ. ಒಬ್ಬ ತಪ್ಪಿದ ಅಂದ್ರೆ ಉಳಿದಿಬ್ಬರಿಗೂ ತಕ್ಷಣ ಗೊತ್ತಾತು. ಬ್ಯಾಂಡಿನವ್ರೆಲ್ಲ ಎದ್ದುಹೋದ್ಮೇಲೆ ಮೂರು ಜನ ತಮ್ಮಷ್ಟಕ್ಕೇ ಬಾರ್ಸ್ತಾ ಇರ್ತಿದ್ರು. ನಾ ಮೇಜು ಒರಸ್ತಾ ಕೇಳ್ತಿದ್ದೆ. ಒಂದೇ ಮೇಜು ಎಷ್ಟು ಸಲ ಒರಸಿದ್ನೋ ಎಂತೋ."

ಹೀಗೆ ತಿಂಗಳುಗಟ್ಟಲೆ ಕೇಳಿ ಕೇಳಿ ನನಗೂ ದಾರಿ ಸಿಕ್ಕಿತು. ಪಿಯಾನೋದವನು ಒಂದು ಮಾತು ಅರ್ಧಕ್ಕೆ ಬಿಟ್ಟರೆ ಗಿಟಾರಿನವನು ಅದನ್ನು ಎತ್ತಿಕೊಳ್ಳುವುದು ಕೇಳಿಸತೊಡಗಿತು. ಬರೆದಿಟ್ಟುಕೊಂಡು ನುಡಿಸುವುದಲ್ಲ, ಅಲ್ಲಲ್ಲೇ ಹುಟ್ಟಿಸುವುದು ಎಂದು ತಿಳಿದ ದಿನ ನಾನು ಬೆರಗಾದೆ. ಆದರೆ ದೊಡ್ಡ ಪಿಟೀಲು ಮಾತ್ರ ನನಗೆ ಸಿಗುತ್ತಲೇ ಇರಲಿಲ್ಲ. ಆ ಸಣ್ಣ ಗ್ರಾಮಫೋನಿನಲ್ಲಿ ತಗ್ಗಿನ ಸ್ವರ ಹೊರಗೆ ಬರುವುದೇ ಕಷ್ಟ. ಒಂದು ಸಂಜೆ ಸುಬ್ರಾಯಣ್ಣ ಆಲ್ಬಮ್ಮಿನ ಕೊನೆಯ ಜೇಬಿನಿಂದ ಒಂದು ಪ್ಲೇಟು ತೆಗೆದರು. ಅಮೇರಿಕದವನು ಕೊಟ್ಟದ್ದರಲ್ಲಿ ಒಂದು ಒಡೆದುಹೋಗಿ ಖಾಲಿಯಾದ ಜೇಬದು. ಅಲ್ಲಿ ಅವರು ಬೇರೆ ಪ್ಲೇಟು ಇಟ್ಟಿದ್ದರು. ಬೊಂಬಾಯಿಯಲ್ಲೇ ಮಾಡಿದ್ದು. ಅದು ತಿರುಗತೊಡಗಿದ ಮೇಲೆ, "ಕೈ ಇಡು ಇಲ್ಲಿ" ಎಂದರು. ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಇಟ್ಟೆ. ಮರದೊಳಗೆ ಯಾರೋ ನಡೆಯುತ್ತಿದ್ದರು. ಅವಸರವಿಲ್ಲ, ತಡವರಿಕೆಯಿಲ್ಲ, ಮೇಲೆ ಪಿಯಾನೋ ಎಷ್ಟು ಹಾರಾಡಿದರೂ ಕೆಳಗೆ ಆ ನಡಿಗೆ ತಪ್ಪುತ್ತಿರಲಿಲ್ಲ.

"ಅದು ನಮ್ಮ ಮಂಜ" ಎಂದರು ಸುಬ್ರಾಯಣ್ಣ.

ಮಂಜುನಾಥ ಅವರ ತಮ್ಮ, ಹತ್ತು ವರ್ಷ ಚಿಕ್ಕವನು. ತಾಯಿ ಸತ್ತ ಮೇಲೆ ಅವನನ್ನೂ ಬೊಂಬಾಯಿಗೆ ಕರೆಸಿಕೊಂಡು ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಹಚ್ಚಿದ್ದರು. ಬ್ಯಾಂಡಿನ ಗೋವೆಯವರ ಸಾಮಾನು ಹೊತ್ತು ಹೊತ್ತು ಅವನಿಗೆ ಆ ದೊಡ್ಡ ಪಿಟೀಲಿನ ಮೇಲೆ ಮನಸ್ಸಾಯಿತು. ಕೊಂಕಣಿ ಬರುತ್ತಿತ್ತಲ್ಲ, ಅವರೊಳಗೆ ಸೇರಿಕೊಂಡ, ಕಲಿತ. ಅದನ್ನು ಬಾರಿಸುವವನು ಜ್ವರದಿಂದ ಮಲಗಿದ ವಾರ ಇವನೇ ನಿಂತ, ಆಮೇಲೆ ಇಳಿಯಲಿಲ್ಲ. ಗೋವೆಯ ಇಬ್ಬರ ಜೊತೆ ಸೇರಿ ಒಂದೇ ಒಂದು ಪ್ಲೇಟು ಕೊಟ್ಟ. ಅದು ಹೆಚ್ಚು ಖರ್ಚಾಗಲೂ ಇಲ್ಲ. ಆಮೇಲೆ ಪ್ರಯಾಣಿಕರ ಹಡಗೊಂದರಲ್ಲಿ ಬಾರಿಸಲು ಹೋದವನು ಯುದ್ಧದಲ್ಲಿ ಹಡಗಿನೊಂದಿಗೆ ಮುಳುಗಿಹೋದ. ಅದಾದ ಮೇಲೆ ಸುಬ್ರಾಯಣ್ಣ ಹೋಟೆಲಿನಲ್ಲಿ ನಿಲ್ಲಲಾಗದೆ ಊರಿಗೆ ಬಂದರು.

"ಅಂವಂದು ಒಂದು ಫೋಟೋ ಇಲ್ಲ ತಂಗಿ" ಎಂದರು. "ತೆಗೆಸ್ವ ತೆಗೆಸ್ವ ಅಂತಲೇ ಹೋತು. ಇದೊಂದೇ."

ಆ ದಿನದಿಂದ ನನಗೆ ಅವರ ಕೈ ನೋಡಿ ನಗು ಬರಲಿಲ್ಲ.

ಯುದ್ಧ ಮುಗಿದ ಮರುವರ್ಷದ ಮಳೆಗಾಲದಲ್ಲಿ ಸುಬ್ರಾಯಣ್ಣನಿಗೆ ಕೆಮ್ಮು ಹೆಚ್ಚಾಯಿತು. ನಮ್ಮವರು ಒತ್ತಾಯ ಮಾಡಿ ಕುಮಟೆಯ ಡಾಕ್ಟರರ ಹತ್ತಿರ ಕಳಿಸಿದರು. ಅಲ್ಲಿ ಹತ್ತು ದಿನ ಇರಬೇಕಾಯಿತು. ಹೋಗುವ ಮುಂಚೆ ಅವರು ಆಲ್ಬಮ್ಮನ್ನೂ ಉಳಿದ ಪ್ಲೇಟುಗಳನ್ನೂ ಒಲೆಯ ಮೇಲಿನ ಹಲಗೆಗೆ ಸರಿಸಿ, ಬೀಗದ ಕೈ ನನ್ನ ಕೈಗೆ ಕೊಟ್ಟರು. "ದಿನಾ ಸಂಜೆಗೆ ಒಲೆಲಿ ಎರಡು ತೆಂಗಿನ ಸಿಪ್ಪೆ ಉರಿಸು. ಥಂಡಿ ಹಿಡೀಬಾರ್ದು. ಮತ್ತೆಂತ ಮಾಡೂದು ಬೇಡ."

ಮತ್ತೆಂತ ಮಾಡುವುದು ಬೇಡ ಎಂದದ್ದು ನನಗೆ ಚೆನ್ನಾಗಿ ನೆನಪಿದೆ.

ಐದಾರು ದಿನ ಸಿಪ್ಪೆ ಉರಿಸಿದೆ. ಮಳೆ ಬಿಡಲಿಲ್ಲ, ಮಾಡು ಒಂದು ಕಡೆ ಸೋರಿತು. ಆಲ್ಬಮ್ಮಿನ ರಟ್ಟಿನ ಮೇಲೆ ಬೂಸ್ಟು ಬಂತು. ಬಿಚ್ಚಿ ನೋಡಿದರೆ ನಾಲ್ಕರಲ್ಲಿ ಮೂರು ಪ್ಲೇಟುಗಳ ಮೇಲೆ ಬಿಳಿ ಬೂಸ್ಟು. ಕೊನೆಯ ಜೇಬಿನ ಮಂಜನ ಪ್ಲೇಟಿಗೆ ಎಲ್ಲಕ್ಕಿಂತ ಹೆಚ್ಚು. ಮಾರನೆಯ ದಿನ ದೇವರು ಕೊಟ್ಟ ಹಾಗೆ ಬಿಸಿಲು ಬಿತ್ತು. ಮಳೆಗಾಲದಲ್ಲಿ ಬಿಸಿಲು ಬಿದ್ದರೆ ನಮ್ಮ ಕಡೆ ಯಾರೂ ಸುಮ್ಮನೆ ಕೂರುವುದಿಲ್ಲ. ಕೇರಿಗೆ ಕೇರಿಯೇ ಹಾಸಿಗೆ, ದಿಂಬು, ಒಣಮೀನು, ಉಪ್ಪಿನಕಾಯಿ ಭರಣಿ, ಕಟ್ಟಿಗೆ ಎಲ್ಲ ತಂದು ಅಂಗಳಕ್ಕೆ ಹಾಕಿತು. ನಾನು ಹಪ್ಪಳದ ಚಾಪೆ ಹಾಸಿ, ಆ ಮೂರು ಪ್ಲೇಟುಗಳನ್ನು ಒರಸಿ, ಹಪ್ಪಳಗಳ ಪಕ್ಕದಲ್ಲೇ ಸಾಲಾಗಿ ಇಟ್ಟೆ. ಥಂಡಿ ಹಿಡಿದದ್ದಕ್ಕೆ ಬಿಸಿಲು ತೋರಿಸುವುದು, ಅದರಲ್ಲಿ ಯೋಚಿಸುವುದೇನಿದೆ? ಕಾಗೆ ಬಾರದಂತೆ ಒಂದು ಕೋಲೂ ಇಟ್ಟೆ. ಅನ್ನಕ್ಕೆ ನೀರಿಟ್ಟು, ಮೀನು ಹಚ್ಚಿ, ಹೊರಗೆ ಬರುವಾಗ ಒಂದು ತಾಸಾಗಿರಬೇಕು.

ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮೂರೂ ಸೊಟ್ಟಗಾಗಿದ್ದವು. ಆ ಕರಿ ಪ್ಲೇಟು ಅರಗಿನದು, ಬಿಸಿಲಿಗೆ ಬಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೂಗಿಕೊಂಡು ಅತ್ತೆಯನ್ನು ಕರೆದೆ. ಇಬ್ಬರೂ ಸೇರಿ ಹಲಗೆಯ ಅಡಿ ಇಟ್ಟು ಮೇಲೆ ಒರಳಿನ ಗುಂಡು ಹೇರಿದೆವು. ಸ್ವಲ್ಪ ತಗ್ಗಿತು, ನೆಟ್ಟಗಾಗಲಿಲ್ಲ. ಸಂಜೆ ಅವನ್ನು ಜೇಬುಗಳಲ್ಲಿ ಇಟ್ಟು, ಆಲ್ಬಮ್ಮನ್ನು ಒಲೆಯ ಮೇಲಿನ ಹಲಗೆಯಲ್ಲಿ ಮೊದಲಿದ್ದ ಹಾಗೆಯೇ ಇಟ್ಟೆ. "ಕೇಳಿದ್ರೆ ಹೇಳು. ಕೇಳದಿದ್ರೆ ನೀನಾಗಿ ಬಾಯಿ ಬಿಡೂದು ಬೇಡ" ಎಂದರು ಅತ್ತೆ.

ಸುಬ್ರಾಯಣ್ಣ ಕೇಳಲೇ ಇಲ್ಲ. ಬಂದ ಸಂಜೆಯೇ ಮಂಜನ ಪ್ಲೇಟು ಹಾಕಿದರು. ನಾನು ಬೇಲಿಯ ಈಚೆ ನಿಂತಿದ್ದೆ. ಪಿಯಾನೋ ಏರಿ ಇಳಿದು ನರಳಿತು. ಒಂದೆರಡು ಸುತ್ತಿಗೆ ಮುಳ್ಳು ಹಾರಿ ಪಕ್ಕಕ್ಕೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಹಾರಿತು. ನಾಲ್ಕೈದು ಸಲ ಹೀಗಾದ ಮೇಲೆ ಸದ್ದು ನಿಂತಿತು. ನಾನು ಧೈರ್ಯ ಮಾಡಿ ಜಗಲಿ ಹತ್ತಿದೆ. ಅವರು ಪ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಒಲೆ ಕಾವು ತಾಗಿಬಿಡ್ತು" ಎಂದರು. "ಅಲ್ಲಿ ಇಟ್ಟವ ನಾನೇ. ಸಿಪ್ಪೆ ಉರಿಸು ಅಂದವನೂ ನಾನೇ. ಬುದ್ಧಿ ಎಲ್ಲಿ ಹೋಗಿತ್ತು ನಂಗೆ?"

ನಾನಾಗ ಹತ್ತೊಂಬತ್ತರ ಹುಡುಗಿ. ಹೆದರಿದೆ ಎಂದರೆ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವರು ನನ್ನ ಮೇಲೆ ಕೂಗಾಡುವವರಲ್ಲ ಎಂದು ನನಗೆ ಗೊತ್ತಿತ್ತು. ಅವರು ನನ್ನನ್ನು ನೋಡುವ ನೋಟ ಬದಲಾದೀತು ಎಂಬುದೇ ನನಗೆ ತಡೆಯಲಾಗದಿದ್ದದ್ದು. ನಾಳೆ ಹೇಳುತ್ತೇನೆ ಅಂದುಕೊಂಡೆ. ನಾಳೆ ಎಂಬುದು ಎರಡು ತಿಂಗಳಾಯಿತು.

ಆ ಎರಡು ತಿಂಗಳಲ್ಲಿ ಅವರು ಉಳಿದ ಪ್ಲೇಟು ಒಂದನ್ನೂ ಹಾಕಲಿಲ್ಲ. ಬೊಂಬಾಯಿಗೆ ಕಾಗದದ ಮೇಲೆ ಕಾಗದ ಬರೆದರು, ಆ ಪ್ಲೇಟಿನ ಇನ್ನೊಂದು ಪ್ರತಿ ಯಾರ ಹತ್ತಿರವಾದರೂ ಇದೆಯೇ ಎಂದು. ಹೋಟೆಲಿನಿಂದ ಉತ್ತರವಿಲ್ಲ, ಪ್ಲೇಟು ಮಾಡಿದ ಕಂಪನಿಯಿಂದಲೂ ಇಲ್ಲ. ಮಳೆ ನಿಂತು ಸಮುದ್ರ ತಿಳಿಯಾಗುತ್ತಲೇ ತಾನೇ ಹೋಗಿ ಹುಡುಕುತ್ತೇನೆಂದು ಹೊರಟರು. ತೆಂಗಿನಕಾಯಿ ತುಂಬಿದ ಒಂದು ಹಾಯಿಹಡಗು ಬೊಂಬಾಯಿಗೆ ಹೋಗುವುದಿತ್ತು. ಈ ಎದೆ ಇಟ್ಟುಕೊಂಡು ಸಮುದ್ರದ ಮೇಲೆ ಹೋಗುವುದು ಬೇಡ ಎಂದು ನಮ್ಮವರು ಹೇಳಿದರು, ಡಾಕ್ಟರರೂ ಹೇಳಿದರು. "ನಾ ಹಾಳು ಮಾಡಿದ್ದನ್ನ ನಾನೇ ಹುಡುಕಿ ತರಬೇಕಲ" ಎಂದರು. ಅದೊಂದು ಮಾತಿಗೆ ಉತ್ತರ ನನ್ನ ಹತ್ತಿರ ಮಾತ್ರ ಇತ್ತು.

ಅವರು ತಿರುಗಿ ಬರಲಿಲ್ಲ. ಮುಟ್ಟಿದೆನೆಂದು ಒಂದು ಕಾರ್ಡು ಬಂತು. ಪಿಯಾನೋದವನು ಆಫ್ರಿಕಕ್ಕೆ ಹೋಗಿದ್ದಾನೆ, ಗಿಟಾರಿನವನ ಮನೆ ಪತ್ತೆಯಾಗಿದೆ, ಭಾನುವಾರ ಹೋಗುತ್ತೇನೆ ಎಂದು ಅದರಲ್ಲಿ ಬರೆದಿತ್ತು. ಬೇಸಿಗೆಯಲ್ಲಿ ಭಟ್ಕಳದ, ಹಾಯಿಹಡಗು ನಡೆಸುವ ಒಬ್ಬ ತಾಂಡೇಲ ನಮ್ಮ ಬಂದರಿಗೆ ಬಂದವನು ಸುದ್ದಿ ತಂದ: ಚಳಿಗಾಲದಲ್ಲೇ ಅಲ್ಲಿನ ಯಾವುದೋ ಆಸ್ಪತ್ರೆಯಲ್ಲಿ ತೀರಿಕೊಂಡರಂತೆ. ಪ್ಲೇಟು ಸಿಕ್ಕಿತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನಾನು ನಿಜ ಹೇಳಿದ್ದರೆ ಅವರು ಹೋಗುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಲಾರೆ. ಹೋಗುತ್ತಿದ್ದರೇನೋ. ಆದರೆ ತಮ್ಮನನ್ನು ಎರಡನೆಯ ಸಲ ತಾನೇ ಕಳೆದೆ ಎಂಬ ಭಾರ ಹೊತ್ತು ಹೋಗುತ್ತಿರಲಿಲ್ಲ. ಅದಿಷ್ಟನ್ನು ನಾನು ಇಳಿಸಬಹುದಿತ್ತು. ಇಳಿಸಲಿಲ್ಲ. ನಮ್ಮವರಿಗೂ ಹೇಳದೆ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಯಾರ ಹತ್ತಿರ ಕ್ಷಮೆ ಕೇಳುವುದಕ್ಕೂ ಹೊತ್ತು ಮೀರಿದೆ.

ಅವರು ಬೊಂಬಾಯಿಗೆ ಹೊರಟ ದಿನ ಬೆಳಿಗ್ಗೆ ನಾವು ಬಂದರಿನ ಧಕ್ಕೆಯವರೆಗೂ ಹೋಗಿದ್ದೆವು. ನಮ್ಮವರು ಅವರ ಟ್ರಂಕನ್ನು ಹಡಗಿಗೆ ಏರಿಸಲು ಹೋದರು. ನಾನೂ ಸುಬ್ರಾಯಣ್ಣನೂ ಇಬ್ಬರೇ ನಿಂತಿದ್ದೆವು.

"ಆ ಮಳೇಲಿ ದಿನಾ ಬಂದು ನೋಡ್ಕಂಡೆ ನೀನು" ಎಂದರು. "ನೀ ಇದ್ದುದಕ್ಕೆ ಉಳಿದದ್ದಾದ್ರೂ ಉಳೀತು ತಂಗಿ. ಇಲ್ದಿದ್ರೆ ಎಲ್ಲಾ ಹೋಗ್ತಿತ್ತು."

ನಾನು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿದರು.

"ಎಂತ? ಎಂತಾದ್ರೂ ಹೇಳೂದಿತ್ತ?"

"ಎಂತ ಇಲ್ಲ" ಎಂದೆ. "ಸಮುದ್ರದ ಮೇಲೆ ಗಾಳಿ ಇರ್ತದೆ. ಕಿವಿ ಕಟ್ಕಣಿ."

ಅವರು ಚೀಲದಿಂದ ಮಫ್ಲರು ತೆಗೆದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ನನ್ನೆದುರೇ ಎರಡೂ ಕಿವಿ ಮುಚ್ಚಿ ಕಟ್ಟಿಕೊಂಡರು.