ಬಿಗಿ ಗಂಟು ಮತ್ತು ಕರಡಿ

ಧೈರ್ಯವಿದ್ದರೆ ನಂಬದೇ ಇರಿ: ನನ್ನ ಎರಡೂ ಕಾಲುಗಳನ್ನು ಕೋಲಿಗೆ ಬಿಗಿದು ಮಲಗಿಸಿದ್ದಾಗಲೇ ಬಂಡೆಯ ಹಿಂದಿನಿಂದ ಕರಡಿ ಬಂತು.

ಬ್ರಹ್ಮಗಿರಿಯ ಬುಡದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗೆ ಪ್ರಥಮ ಚಿಕಿತ್ಸೆಯ ಬ್ಯಾಡ್ಜ್ ಪರೀಕ್ಷೆ ನಡೆದಿತ್ತು. ಕಾಲು ಮುರಿದವನಂತೆ ನರಳಲು ಮೊಳಕಾಲ್ಮುರು ತಾಲ್ಲೂಕಿನಲ್ಲೇ ನನ್ನನ್ನು ಮೀರಿಸುವವರಿಲ್ಲ, ಅದಕ್ಕೇ ಈ ಮುದುಕನನ್ನೇ ರೋಗಿಯಾಗಿ ಮಲಗಿಸಿದ್ದರು. ಚಳ್ಳಕೆರೆಯ ಮೆಕ್ಯಾನಿಕ್ ಒಬ್ಬರ ಮಗಳು ಶಬಾನಾ ನನಗೆ ಪಟ್ಟಿ ಕಟ್ಟುತ್ತಿದ್ದಳು. "ಇಷ್ಟು ಸಡ್ಲ ಕಟ್ಟಿದ್ರೆ ಬ್ಯಾಡ್ಜ್ ಎಲ್ಲಿ ಸಿಗ್ತೈತೆ? ಇನ್ನೂ ಬಿಗಿ!" ಎಂದು ಕಾಡಿಸಿ ಬಿಗಿಸಿಕೊಂಡವನು ನಾನೇ. ಉಳಿದವರು ಸ್ಟ್ರೆಚರ್ ತರಲು ಹೋಗಿದ್ದರು.

ಕರಡಿ ಹತ್ತು ಮಾರು ದೂರದಲ್ಲಿ ನಿಂತು ಮೂಗೆತ್ತಿತು. ಶಬಾನಾ ಎಳೆದಾಡಿದರೂ ಗಂಟು ಬಿಚ್ಚಿಕೊಳ್ಳಲಿಲ್ಲ.

"ನನ್ನ ಬಿಟ್ಟು ಓಡೋಗಮ್ಮ," ಎಂದೆ.

"ಪೇಷೆಂಟ್‌ನ ಬಿಟ್ಟೋಗಂಗಿಲ್ಲ ತಾತ. ಬಾಯ್ ಮುಚ್ಕೊಂಡು ಸುಮ್ಕಿರ್ರಿ!"

ಅವಳು ನನ್ನ ಪಕ್ಕದಲ್ಲೇ ಬೋರಲು ಮಲಗಿದಳು. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಕರಡಿ ಬುಸುಗುಡುವುದು ನಮಗೆ ಕೇಳುತ್ತಿತ್ತು. ಎಷ್ಟು ಹೊತ್ತು ನಿಂತಿತೋ ತಿಳಿಯದು, ಕೊನೆಗೆ ಅದು ಸೀತಾಫಲದ ಪೊದೆಯತ್ತ ತಿರುಗಿ ಹೋಯಿತು.

ಬ್ಯಾಡ್ಜ್ ಅವಳಿಗೇ ಬಂತು. ಈ ಕಥೆಯಲ್ಲಿ ನಾನು ಬೆರೆಸಿದ ಸುಳ್ಳು ಒಂದೇ. ಓಡಿಹೋಗು ಎಂದು ನಾನು ಹೇಳಲೇ ಇಲ್ಲ. ಅವಳ ಮುಂಗೈ ಗಟ್ಟಿಯಾಗಿ ಹಿಡಿದು, "ಬಿಟ್ಟೋಗಬ್ಯಾಡವ್ವ" ಎಂದು ಅತ್ತಿದ್ದೆ.