ಗಾಳಿ ಗಾಜಿಗೆ ಬೀಸಬೇಕಿತ್ತು

ಕೊರೊನಾ ಮುಗಿದ ಮರುವರ್ಷದ ಮಾತು. ಆಗ ನಾನು ಗಜೇಂದ್ರಗಡದಲ್ಲಿ, ರೋಣ ರಸ್ತೆಯ ಬದಿಗೆ, ಕಾರುಗಳ ಎಸಿ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದು ಇಪ್ಪತ್ತು ವರ್ಷ ದಾಟಿತ್ತು. ಈಗ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇನೆ. ಆದರೂ ಈರಪ್ಪ ಸಾವಕಾರರ ಕಾರು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಈರಪ್ಪನವರು ಕೈಮಗ್ಗದ ಸೀರೆಗಳ ವ್ಯಾಪಾರಿ. ಹುಟ್ಟಿದ್ದು ನೇಕಾರರ ಮನೆಯಲ್ಲಿ, ನನ್ನ ಹಾಗೆಯೇ. ಪುಣೆಯಿಂದ ಒಂದು ಹಳೆಯ ವಿದೇಶಿ ಪೆಟ್ರೋಲ್ ಕಾರು ತಂದಿದ್ದರು. ಅಷ್ಟು ದೊಡ್ಡ ಬಾನೆಟ್ ಊರಲ್ಲಿ ಇನ್ನೊಂದಿರಲಿಲ್ಲ, ಅದರ ಮಾಲೀಕರಷ್ಟು ದೊಡ್ಡ ಬಾಯಿಯೂ ಇರಲಿಲ್ಲ. ಬೇಸಿಗೆಯ ಕೊನೆಗೆ ಒಂದು ದೂರು ಹೊತ್ತು ಬಂದರು. ಸಪಾಟು ರಸ್ತೆಯಲ್ಲಿ ಎಸಿ ಗಾಳಿ ಮುಖಕ್ಕೆ ಬರುತ್ತದೆ. ಗುಡ್ಡದ ಏರು ಹತ್ತತೊಡಗಿದರೆ ತಾನಾಗಿ ಮುಂದಿನ ಗಾಜಿನ ಕಡೆ ತಿರುಗುತ್ತದೆ.

ಇದು ವ್ಯಾಕ್ಯೂಮ್ ದೋಷ. ಈಗಿನ ಕಾರುಗಳಲ್ಲಿ ಗಾಳಿಯ ದಿಕ್ಕು ಬದಲಿಸುವ ಫ್ಲ್ಯಾಪನ್ನು ಸಣ್ಣ ಕರೆಂಟ್ ಮೋಟಾರು ತಿರುಗಿಸುತ್ತದೆ. ಆ ಹಳೆಯ ಕಾರಿನಲ್ಲಿ ಎಂಜಿನ್ ಗಾಳಿ ಹೀರುವಾಗ ಹುಟ್ಟುವ ಸೆಳೆತ, ಅಂದರೆ ವ್ಯಾಕ್ಯೂಮ್, ಆ ಕೆಲಸ ಮಾಡುತ್ತಿತ್ತು. ಅದು ಸಣ್ಣ ಪೈಪಿನಲ್ಲಿ ಬಂದು ಡ್ಯಾಶ್‌ಬೋರ್ಡಿನೊಳಗಿನ ಡಬ್ಬಿಯ ರಬ್ಬರ್ ಪರದೆಯನ್ನು ಎಳೆಯುತ್ತದೆ. ಪರದೆಗೆ ಕೂಡಿದ ಕಡ್ಡಿ ಫ್ಲ್ಯಾಪನ್ನು ಮುಖದ ಕಡೆ ತಿರುಗಿಸುತ್ತದೆ. ಸೆಳೆತ ಹೋದರೆ ಸ್ಪ್ರಿಂಗ್ ಅದನ್ನು ಗಾಜಿನ ಕಡೆಗೆ ತಳ್ಳುತ್ತದೆ. ತಯಾರಿಸಿದವರು ಬೇಕೆಂದೇ ಹಾಗೆ ಮಾಡಿದ್ದಾರೆ. ಏನೇ ಕೆಟ್ಟರೂ ಗಾಜಿಗೆ ಮಂಜು ಕಟ್ಟಬಾರದು, ಓಡಿಸುವವನಿಗೆ ದಾರಿ ಕಾಣಬೇಕು.

ಡ್ಯಾಶ್‌ಬೋರ್ಡಿನ ಗ್ಲೌ ಬಾಕ್ಸ್ ಬಿಚ್ಚಿ, ಡಬ್ಬಿಗೆ ಕೈಪಂಪು ಹಚ್ಚಿ, ಅದರ ಗೇಜು ಇಪ್ಪತ್ತು ಇಂಚು ತೋರಿಸುವಷ್ಟು ಸೆಳೆತ ಕೊಟ್ಟೆ. ಮುಳ್ಳು ಇಳಿಯದೆ ಅಲ್ಲೇ ನಿಂತಿತು. ಡಬ್ಬಿ ಸರಿಯಿತ್ತು, ಪೈಪುಗಳೂ ಸರಿಯಿದ್ದವು. ಎಂಜಿನ್ ಹತ್ತಿರದ ಚೆಕ್ ವಾಲ್ವಿಗೆ ಹಚ್ಚಿದಾಗ ಮಾತ್ರ ಮುಳ್ಳು ಸರ್ರನೆ ಸೊನ್ನೆಗೆ ಇಳಿಯಿತು. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಎಂಜಿನ್ನಿನ ಸೆಳೆತ ಕಡಿಮೆಯಾಗುತ್ತದೆ. ಅಷ್ಟು ಹೊತ್ತು ಒಳಗಿನ ಸೆಳೆತ ಸೋರದಂತೆ ಹಿಡಿದಿಡುವುದು ಈ ವಾಲ್ವಿನ ಕೆಲಸ. ಸಾವಕಾರರು ಪಕ್ಕದಲ್ಲೇ ನಿಂತು, ಕಡ್ಡಿ ಹಿಂದೆ ಮುಂದೆ ಓಡಾಡುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹೊಸ ವಾಲ್ವ್ ಪುಣೆಯಿಂದ ಬರಬೇಕು, ವಾರ ಹಿಡಿಯುತ್ತದೆ ಅಂದೆ.

"ಹೆಬ್ಬಟ್ಟಿನಷ್ಟ ಪ್ಲಾಸ್ಟಿಕ್ಕಿಗೆ ಒಂದ ವಾರ ಕಾಯಬೇಕೇನ? ನೀ ಎಂಥಾ ಮಿಸ್ತ್ರಿನೋ!"

"ಅಲ್ಲೀತನಕ ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ. ಗಾಳಿ ಕಾಜಿಗೆ ಹೋದ್ರ ಹೋಗ್ಲಿ. ಮಳಿಗಾಲದಾಗ ಅದ ನಿಮ್ಮನ್ನ ಕಾಯತೈತಿ," ಎಂದೆ. ಅವರು ಬಾಗಿಲನ್ನು ದಬ್ಬೆಂದು ಹಾಕಿಕೊಂಡು ಹೊರಟುಹೋದರು.

ವಾಲ್ವ್ ಬಂತು, ಸಾವಕಾರರು ಬರಲಿಲ್ಲ. ಬಂದದ್ದು ಮಳೆ ಹಿಡಿದ ಮೇಲೆ, ಮೂತಿ ಜಜ್ಜಿದ ಕಾರನ್ನು ಎಳೆಸಿಕೊಂಡು. ಮೆಣಸಗಿಯ ಬೀಗರ ಮನೆಯಿಂದ ಮಳೆಯಲ್ಲಿ ತಿರುಗಿ ಬರುವಾಗ ಕಾರು ಮೋರಿಯ ಕಟ್ಟೆಗೆ ಗುದ್ದಿತ್ತು. ಅವರ ಹೆಂಡತಿ ಗಂಗಕ್ಕನವರ ಹಣೆಗೆ ಹೊಲಿಗೆ ಬಿದ್ದಿದ್ದವು. ಕಾರು ಓಡಿಸುತ್ತಿದ್ದ ಶಿರೋಳದ ಬಸುವಿನ ಎಡಗೈ ಮುರಿದಿತ್ತು. ಅವನು ನಿದ್ದೆ ಹೊಡೆದು ಗುದ್ದಿದ ಎಂದು ಸಾವಕಾರರು ಠಾಣೆಗೆ ದೂರು ಕೊಡಲು ಹೊರಟಿದ್ದರು. ದೂರು ನಿಂತರೆ ಬಸುವಿನ ಲೈಸೆನ್ಸ್ ಹೋಗುತ್ತಿತ್ತು. ಅವನಿಗೆ ಹೊಲ ಮನೆ ಎಲ್ಲ ಅದೇ.

ಕಾರು ಬಂದ ಸುದ್ದಿ ಕೇಳಿ ಬಸುವೂ ಕೊರಳಿಗೆ ಕೈ ಕಟ್ಟಿಕೊಂಡು ಅಂಗಡಿಗೆ ಬಂದ. ಗಂಗಕ್ಕ ಸ್ಟೂಲಿನ ಮೇಲೆ ಕೂತಿದ್ದರು.

"ಎಸಿ ಎಲ್ಲಾ ಚಲೋ ಐತಿ ಅಂತ ಠಾಣ್ಯಾಗ ಒಂದ ಮಾತ ಹೇಳು, ಸಾಕು," ಎಂದರು ಸಾವಕಾರರು. "ನೀ ನಮ್ಮವ. ಇವ ಎಲ್ಲಿಯವ?"

ನಮ್ಮವ ಎನ್ನುವುದು ಪ್ರೀತಿಯ ಮಾತಾಗಿರಲಿಲ್ಲ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಅವರ ಬಳಗದವರು, ಅದು ಇಬ್ಬರಿಗೂ ಗೊತ್ತಿತ್ತು. ನಾನು ಬಸುವಿನ ಕಡೆ ತಿರುಗಿ ಏನಾಯಿತೆಂದು ಕೇಳಿದೆ.

"ಅಕ್ಕಾರಿಗೆ ಥಂಡಿ ಆತಂತ ಎಸಿ ಬಂದ ಮಾಡಿಸಿದ್ರು. ಮಳೀಗೆ ಎಲ್ಲಾ ಕಿಡಕಿ ಏರಿಸಿದ್ವಿ. ಮುಂದಿನ ಕಾಜ ಬೆಳ್ಳಗಾತು. ಗುಂಡಿ ಕಾಜಿನ ಕಡೆ ತಿರುವಿ ಗಾಳಿ ಜೋರ ಮಾಡಿದೆ, ಎಲ್ಲಾ ಮುಖಕ್ಕ ಬಂತ್ರಿ. ನಿಲ್ಲಸ್ತೀನಿ ಅಂದ್ರ, ಕೈಲೆ ಒರಸ್ಕೊಂಡ ನಡೀ ಅಂದ್ರು ಸಾವಕಾರ್ರು."

"ಸುಳ್ಳ ಬೊಗಳಬ್ಯಾಡಲೇ!" ಸಾವಕಾರರು ಗುಡುಗಿದರು.

ಗ್ಲೌ ಬಾಕ್ಸ್ ಬಿಚ್ಚಿದೆ. ಎಂಜಿನ್ ಸತ್ತಿತ್ತು, ಸೆಳೆತದ ಮಾತೇ ಇಲ್ಲ. ಕಡ್ಡಿ ಗಾಜಿನ ಕಡೆ ನಿಂತಿರಬೇಕಿತ್ತು. ಅದು ಮುಖದ ಕಡೆ ನಿಂತಿತ್ತು. ಕೈಪಂಪಿನಿಂದ ಎಳೆದು ಬಿಟ್ಟೆ. ಮುಳ್ಳು ಸೊನ್ನೆಗೆ ಬಂತು, ಕಡ್ಡಿ ಜಾಗ ಬಿಡಲಿಲ್ಲ. ಸ್ಪ್ರಿಂಗ್ ಮುರಿದಿರಬಹುದೆಂದು ಕಣ್ಣಿಗೆ ಕಾಣದ ಮೂಲೆಗೆ ಕೈ ತೂರಿಸಿದೆ. ಬೆರಳಿಗೆ ನೂಲು ಸಿಕ್ಕಿತು. ಏರಿನಲ್ಲೂ ಗಾಳಿ ಮುಖ ಬಿಟ್ಟು ಹೋಗದಂತೆ, ಎಳೆಗಳನ್ನು ಕೂಡಿಸಿ ಕಡ್ಡಿಯನ್ನು ಬ್ರಾಕೆಟ್ಟಿಗೆ ಬಿಗಿಯಲಾಗಿತ್ತು. ಗಂಟನ್ನು ಮುಟ್ಟಿದ ಕೂಡಲೇ ಗುರುತು ಹತ್ತಿತು. ಮಗ್ಗದ ಮೇಲೆ ಹಾಸಿನ, ಅಂದರೆ ಉದ್ದಕ್ಕೆ ಹಾಸಿದ ನೂಲಿನ, ಎಳೆ ಹರಿದಾಗ ನೇಕಾರರು ಹಾಕುವ ಗಂಟು ಅದು. ಸಣ್ಣದು, ಚಪ್ಪಟೆ, ಎಳೆದಷ್ಟೂ ಬಿಗಿ. ನಮ್ಮವ್ವ ಮಾತಾಡುತ್ತಲೇ ಅದನ್ನು ಹಾಕುತ್ತಿದ್ದಳು, ನನಗೂ ಕಲಿಸಿದ್ದಳು.

"ಇಲ್ಲೊಂದ ಗಂಟ ಐತ್ರಿ," ಎಂದೆ.

"ನಾ ಏನ ಕಟ್ಟಿಲ್ಲ!" ಎಂದರು ಸಾವಕಾರರು.

ಯಾರು ಕಟ್ಟಿದ್ದೆಂದು ನಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹೆಗಲು ಮುಟ್ಟಿದ ಕೈಯನ್ನು ಅವರು ಕೂಡಲೇ ಬಸುವಿನತ್ತ ಚಾಚಿದರು. "ಇವನ ಕಟ್ಯಾನ. ದಿನಾ ನಮ್ಮ ಮಗ್ಗದ ಮುಂದ ಕುಂದರ್ತಾನ, ಅಲ್ಲೇ ನೋಡಿ ಕಲತಾನ."

ನನ್ನ ಸಿಟ್ಟು ನೆತ್ತಿಗೇರಿತು. "ಮಗ್ಗದ ಮುಂದ ಕುಂತ್ರ ಈ ಗಂಟ ಬರೂದಿಲ್ರಿ ಸಾವಕಾರ್ರ. ಮಗ್ಗದಾಗ ಕುಂತ್ರ ಬರತೈತಿ. ನಾವಿಬ್ರೂ ಕುಂತೀವಿ."

"ನಿನ್ನ ಅಂಗಡಿ ಹ್ಯಾಂಗ ನಡೀತೈತಿ ನೋಡ್ತೀನಿ," ಎಂದು ಅವರು ನನ್ನ ಮೇಲೇರಿ ಬಂದರು. ಗಂಗಕ್ಕ ಸ್ಟೂಲಿನಿಂದ ಎದ್ದರು.

"ಸಾಕ ಮಾಡ್ರಿ. ನೀವು ಕಟ್ಟೂಮುಂದ ಬ್ಯಾಟರಿ ಹಿಡದ ನಿಂತಾಕಿ ನಾನ. ಮಿಸ್ತ್ರಿಗಿಂತ ನನ್ನ ಗಂಟ ಗಟ್ಟಿ ಅಂದಿದ್ರಿ, ಮರತ್ರೇನ?" ಹಣೆಯ ಪಟ್ಟಿಯನ್ನು ಒಮ್ಮೆ ಮುಟ್ಟಿಕೊಂಡರು. "ಒಡದದ್ದು ನನ್ನ ಹಣಿ. ಠಾಣ್ಯಾಗ ಹೇಳೂದಿದ್ರ ನಾನ ಹೇಳ್ತೀನಿ."

ದೂರು ಅಲ್ಲಿಗೇ ಸತ್ತಿತು. ಸಾವಕಾರರು ಬಸುವಿನ ಮುಖ ಕೂಡ ನೋಡದೆ ಹೊರಟರು. ಅವರ ಬಳಗದ ಕಾರುಗಳು ನನ್ನ ಅಂಗಡಿಗೆ ಬರುವುದು ನಿಂತಿತು, ಆ ವಾಲ್ವ್ ಇನ್ನೂ ನನ್ನ ಮನೆಯಲ್ಲೇ ಬಿದ್ದಿದೆ. ಬಸುವಿನ ಮೂಳೆ ಸೊಟ್ಟಗೆ ಕೂಡಿತು. ಈಗ ನರಗುಂದದಲ್ಲಿ ಸಾಲಿ ಮಕ್ಕಳ ವ್ಯಾನು ಓಡಿಸುತ್ತಾನೆ, ಗೇರು ಹಾಕುವಾಗ ಇವತ್ತಿಗೂ ಹಲ್ಲು ಕಚ್ಚುತ್ತಾನೆ.

ಕೆಟ್ಟದ್ದನ್ನು ಹುಡುಕುವುದಷ್ಟೇ ನನ್ನ ಕಸುಬು ಅಂದುಕೊಂಡಿದ್ದೆ. ಆಮೇಲೆ ಯಾವ ಕಾರು ಬಂದರೂ, ಏನು ಕೆಟ್ಟಿದೆ ಎನ್ನುವುದಕ್ಕಿಂತ ಮೊದಲು ಏನನ್ನು ಕಟ್ಟಿಹಾಕಿದ್ದಾರೆ ಎಂದು ಕೈ ಹಾಕಿ ನೋಡುತ್ತಿದ್ದೆ. ಕೆಟ್ಟಾಗ ಗಾಳಿ ಎಲ್ಲಿಗೆ ಹೋಗಬೇಕೆಂದು ಕಾರು ಮಾಡಿದವರು ಮೊದಲೇ ಗೊತ್ತುಮಾಡಿದ್ದರು. ತಪ್ಪು ಯಾರ ತಲೆಗೆ ಹೋಗಬೇಕೆಂದು ಕಾರು ಕೊಂಡವರು ಗೊತ್ತುಮಾಡಿದ್ದರು. ಅವತ್ತು ಅವರೆಲ್ಲ ಹೋದ ಮೇಲೆ ನಾನು ಆ ನೂಲು ಕತ್ತರಿಸಿದೆ. ಫ್ಲ್ಯಾಪು ಟಪ್ಪನೆ ಗಾಜಿನ ಕಡೆಗೆ ಹೋಗಿ ನಿಂತಿತು.